ಹದಿನಾಲ್ಕು ತಿಂಗಳ ನೆಗಡಿ

ನಮ್ಮ ಕಾಕಾ ಹುಟ್ಟಿದಾಗಿನಿಂದ ಇವತ್ತಿನವರೆಗೆ ಮದ್ಯದ ಒಂದು ಹನಿಯನ್ನೂ ನುಂಗಿದವರಲ್ಲ. ಆದರೂ ವೈನಿನ ರುಚಿ ನೋಡಿ ಅದರ ಗುಣದೋಷ ಹೇಳಬಲ್ಲವರು ಎಂಬ ಪ್ರಮಾಣಪತ್ರ ಪಡೆದವರು ಇಡೀ ಬೈಲಹೊಂಗಲ ತಾಲೂಕಿನಲ್ಲಿ ಬಹುಶಃ ಅವರೊಬ್ಬರೇ. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಆಶ್ಚರ್ಯವಿರುವುದು ಬೇರೆ ಕಡೆ. ಆ ಪ್ರಮಾಣಪತ್ರ ಪಡೆದ ದಿನ ಅವರ ಮೂಗಿಗೆ ವಾಸನೆ ತಿಳಿಯುತ್ತಿರಲಿಲ್ಲ, ನಾಲಿಗೆಗೆ ರುಚಿಯೂ ತಿಳಿಯುತ್ತಿರಲಿಲ್ಲ!

ಆ ಕಾಗದ ಈಗ ನಮ್ಮ ಪಡಸಾಲೆಯ ಗೋಡೆಯ ಮೇಲಿದೆ. ಇಂಗ್ಲಿಷಿನಲ್ಲಿರುವುದರಿಂದ ಬಂದವರು ಅದನ್ನು ಬೆಲ್ಲದ ವ್ಯಾಪಾರಕ್ಕೆ ಸಂಬಂಧಪಟ್ಟದ್ದೆಂದು ತಿಳಿದು ಗೌರವದಿಂದ ತಲೆಯಾಡಿಸಿ ಹೋಗುತ್ತಾರೆ. ನಾವು ತಿದ್ದಲು ಹೋಗುವುದಿಲ್ಲ. ಕಾಕಾನ ಹೆಸರನ್ನೂ ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮಠದ ಅಜ್ಜಾರ, ಅಂದರೆ ಸ್ವಾಮಿಗಳ, ಕಿವಿಗೆ ಬೀಳುತ್ತದೆಂದು ಕಾಕು, ಅಂದರೆ ಕಾಕಾನ ಹೆಂಡತಿ, ನನ್ನಿಂದ ಆಣೆ ಮಾಡಿಸಿಕೊಂಡಿದ್ದಾರೆ.

ಕಾಕಾ ನನ್ನ ಅಪ್ಪನ ತಮ್ಮ. ಬೈಲಹೊಂಗಲದ ಪೇಟೆಯಲ್ಲಿ ನಮ್ಮದೊಂದು ಅಡತಿ ಅಂಗಡಿ. ರೈತರು ತಂದ ಬೆಲ್ಲವನ್ನು ಖರೀದಿದಾರರಿಗೆ ಕೊಡಿಸುವುದು ಕಸುಬು. ಬೆಲ್ಲ ಹೇಗಿದೆ ಎಂದು ಹೇಳುವವರು ಯಾರಾದರೂ ಬೇಕಲ್ಲ? ಆ ಕೆಲಸ ಕಾಕಾನ ನಾಲಿಗೆಯದು. ಪೆಂಟಿಯಿಂದ, ಅಂದರೆ ಬೆಲ್ಲದ ದೊಡ್ಡ ಅಚ್ಚಿನಿಂದ, ಉಗುರಿನಷ್ಟು ಚೂರು ಮುರಿದು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ಎಡಗೆನ್ನೆಯಿಂದ ಬಲಗೆನ್ನೆಗೆ ಒಮ್ಮೆ ಸಾಗಿಸಿ, ಉಗುಳಿಬಿಡುತ್ತಿದ್ದರು. ಅವರು ಉಗುಳುವ ತನಕ ಸುತ್ತ ನಿಂತವರು ಕೆಮ್ಮುವಂತೆಯೂ ಇರಲಿಲ್ಲ. ಉಗುಳಿದ ಮೇಲೆ ತೀರ್ಪು.

"ಮನೋಳಿ ಮಾಲು. ಹೊಳಿ ದಂಡಿ ಕಬ್ಬು, ಛಲೋ ಐತಿ. ಆದ್ರ ಕೊಪ್ಪರಗಿ ಕೆಳಗ ಉರಿ ಜಾಸ್ತಿ ಆಗೇತಿ."

"ಇದು ಸಾಲಹಳ್ಳಿ ಕಡೀದು. ಬಾವಿ ನೀರು ಸವಳು."

ಒಮ್ಮೆಯಂತೂ "ಈ ಬೆಲ್ಲಾ ಕಾಸಿದಂವ ಮನ್ಯಾಗ ಜಗಳಾಡಿ ಬಂದಿದ್ದ" ಎಂದರಂತೆ. ಬೆಲ್ಲ ತಂದ ರೈತ ತಲೆ ತಗ್ಗಿಸಿ "ಹೌದ್ರಿ ಸಾವಕಾರ್ರ" ಎಂದನಂತೆ. ಇದು ಕಾಕಾ ಹೇಳಿದ್ದು. ಆ ರೈತನನ್ನು ನಾನು ವಿಚಾರಿಸಿಲ್ಲ.

ಇನ್ನೊಂದು ವಿಷಯ ನೀವು ನೆನಪಿಟ್ಟುಕೊಳ್ಳಬೇಕು. ನಾಲಿಗೆಗೆ ನಿಜವಾಗಿ ರುಚಿ ಹತ್ತಿತೆಂದರೆ ಕಾಕಾನ ಎಡಗಿವಿ ಒಮ್ಮೆ ಅಲುಗುತ್ತಿತ್ತು. ಬಲಗಿವಿ ಅಲ್ಲ, ಬರೀ ಎಡಗಿವಿ. ಇದು ಪೇಟೆಗೆಲ್ಲ ಗೊತ್ತಿತ್ತು. ಹಳೆಯ ಖರೀದಿದಾರರು ಬೆಲ್ಲದ ಕಡೆ ನೋಡುತ್ತಲೇ ಇರಲಿಲ್ಲ, ಕಿವಿಯ ಕಡೆ ನೋಡುತ್ತಿದ್ದರು.

ನಾಲಿಗೆ ಅಂಗಡಿಯಲ್ಲಷ್ಟೇ ಕೆಲಸ ಮಾಡಿದ್ದರೆ ನಮಗೆ ತೊಂದರೆ ಇರಲಿಲ್ಲ. ಕಿತ್ತೂರಿನಲ್ಲಿ ಒಂದು ಚಹಾದಂಗಡಿಗೆ ಹೋದಾಗ ಒಂದು ಗುಟುಕು ಕುಡಿದು, "ಹಾಲಿಗೆ ನೀರು ಹಾಕೀರಿ. ಹಾಕ್ರಿ, ನಾ ಬ್ಯಾಡನ್ನೂದಿಲ್ಲ. ಆದ್ರ ನಳದ ನೀರು ಇರೂ ಮುಂದ ಬೋರಿನ ನೀರು ಯಾಕ ಹಾಕಿದ್ರಿ?" ಎಂದು ಕೇಳಿದರು. ಆಮೇಲೆ ಆ ಅಂಗಡಿಯಲ್ಲಿ ನಮ್ಮ ಮನೆಯವರಿಗೆ ಚಹಾ ಬಹಳ ಬೇಗ ಬರತೊಡಗಿತು. ಬೇಗ ಕುಡಿದು ಬೇಗ ಹೋಗಲಿ ಎಂದಿರಬೇಕು.

ಸ್ವಂತ ಕನ್ಯೆ ನೋಡಲು ಹೋದಾಗಲೂ ನಾಲಿಗೆಯನ್ನು ಮನೆಯಲ್ಲಿ ಬಿಟ್ಟು ಹೋಗಲಿಲ್ಲ. ಕಾಕುವಿನ ತವರು ಮನೋಳಿ. ಉಪ್ಪಿಟ್ಟು ಬಂತು. ಹಿರಿಯರೆಲ್ಲ ಮಳೆ-ಬೆಳೆ ಮಾತಾಡುತ್ತಿದ್ದಾಗ ಕಾಕಾ ಒಂದು ಚಮಚ ತಿಂದು, ಕಣ್ಣು ಮುಚ್ಚಿ ತೆರೆದು, "ಉಪ್ಪು ಒಂದು ಹರಳು ಕಡಿಮಿ ಆಗೇತಿ" ಎಂದುಬಿಟ್ಟರು. ಸಂಬಂಧ ಮುರಿಯಿತೆಂದು ನಮ್ಮಜ್ಜ ಟೋಪಿಯನ್ನು ಕೈಗೆ ತೆಗೆದುಕೊಂಡರಂತೆ. ಆಗ ಒಳಕೋಣೆಯ ಬಾಗಿಲ ಹಿಂದಿನಿಂದ ಹುಡುಗಿಯ ದನಿ ಬಂತು: "ಹರಳು ದೊಡ್ಡದೋ ಸಣ್ಣದೋ ಕೇಳ್ರಿ."

ಕಾಕಾ ಅಲ್ಲೇ ಒಪ್ಪಿದರು. ಹುಡುಗಿಯ ಮುಖ ನೋಡಿದ್ದು ಅದಾದ ಮೇಲೆ.

ಅಂದಿನಿಂದ ನಲವತ್ತು ವರ್ಷ ನಮ್ಮ ಮನೆಯಲ್ಲಿ ಒಂದು ಪದ್ಧತಿ ನಡೆದುಬಂತು. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತ ಮೇಲೆ ಮೊದಲ ತುತ್ತು ಕಾಕಾನದು. ಕಾಕು ಸೌಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಲ್ಲಬೇಕು. ಕಾಕಾ ಏನು ತಪ್ಪಾಗಿದೆ ಎಂದು ಹೇಳುವವರೆಗೆ ಉಳಿದವರು ರೊಟ್ಟಿ ಮುರಿಯುವಂತಿಲ್ಲ. "ಒಗ್ಗರಣಿ ಅವಸರಾ ಮಾಡಿ." "ಬದನಿಕಾಯಿ ನಿನ್ನೀದು." ಕಾಕು "ನಿನ್ನೀದಲ್ಲ, ಮೊನ್ನೀದು!" ಎಂದು ಒಳಗೆ ಹೋಗುತ್ತಿದ್ದರು. ಆಮೇಲೆ ಊಟ. ಬಡಿಸುವ ಮುಂಚೆ ಅಡುಗೆಯನ್ನು ಕಾಕು ತಾವು ನಾಲಿಗೆಗೆ ಹಚ್ಚಿದವರೇ ಅಲ್ಲ. ಮನೆಯಲ್ಲಿ ಅಷ್ಟು ದೊಡ್ಡ ನಾಲಿಗೆ ಇರುವಾಗ ಇನ್ನೊಂದು ಯಾಕೆ? ನಾನು ಇಲ್ಲಿನ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ, ಅದೇ ಮನೆಯಲ್ಲಿ ಇರುತ್ತೇನೆ. ಈ ಪದ್ಧತಿಯಿಂದ ಕಾಲೇಜಿಗೆ ತಡವಾಗಿ ಹೋದ ದಿನಗಳು ಬಹಳ.

ಒಂದು ಚಳಿಗಾಲದಲ್ಲಿ ಕಾಕಾಗೆ ಜ್ವರ ಬಂತು. ಎಂಟು ದಿನ ಮಲಗಿ ಎದ್ದರು. ಒಂಬತ್ತನೆಯ ದಿನ ಊಟಕ್ಕೆ ಕೂತಾಗ ಕಾಕು ಗಾಬರಿಯಲ್ಲಿದ್ದರೋ ಏನೋ, ಬೇಳೆಸಾರು ತಳ ಹಿಡಿದಿತ್ತು. ನಮಗೆ ಹಿತ್ತಲಲ್ಲಿದ್ದಾಗಲೇ ವಾಸನೆ ಬಂದಿತ್ತು. ಕಾಕಾ ತುತ್ತು ಬಾಯಿಗಿಟ್ಟರು. ನಾವು ಕಿವಿ ನೋಡಿದೆವು. ಅಲುಗಲಿಲ್ಲ.

"ಛಲೋ ಆಗೇತಿ" ಎಂದರು.

ಕಾಕುವಿನ ಕೈಯಿಂದ ಸೌಟು ಬಿತ್ತು. ಅವರ ಸಂಸಾರದಲ್ಲಿ ಆ ಮಾತು ಬಂದದ್ದು ಅದೇ ಮೊದಲು.

"ಏನಾಗೇತ್ರಿ ನಿಮಗ?" ಎಂದರು ಕಾಕು.

"ನೆಗಡಿ" ಎಂದರು ಕಾಕಾ.

ಆ ನೆಗಡಿ ಹದಿನಾಲ್ಕು ತಿಂಗಳು ಇತ್ತು. ಮೂಗು ಸೋರಲಿಲ್ಲ, ಸೀನು ಬರಲಿಲ್ಲ, ಆದರೂ ನೆಗಡಿ! ಪೇಟೆಯಲ್ಲಿ ಬೆಲ್ಲ ಮುಂದೆ ಬಂದಾಗಲೂ "ನೆಗಡಿ ಐತ್ರಿ, ಮುಂದಿನ ವಾರ ನೋಡೂನು" ಎನ್ನುತ್ತಿದ್ದರು. ಜನ ಒಂದು ವಾರ ಕಾದರು, ಒಂದು ತಿಂಗಳು ಕಾದರು. ಆಮೇಲೆ ಚೂರು ಹಿಡಿದುಕೊಂಡು ಎರಡು ಅಂಗಡಿ ಆಚೆಯ ಇನ್ನೊಬ್ಬರ ಹತ್ತಿರ ಹೋಗತೊಡಗಿದರು. ಕಾಕಾ ಗಾದಿಯ ಮೇಲೆ ಕೂತು ಅದನ್ನು ನೋಡುತ್ತಿದ್ದರು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಧಾರವಾಡದ ಡಾಕ್ಟರರ ಬಳಿ ನಾನೇ ಕರೆದೊಯ್ದೆ. ಜ್ವರದಿಂದ ಮೂಗಿನ ನರಕ್ಕೆ ಪೆಟ್ಟಾಗಿದೆ, ಬಂದರೆ ಬರಬಹುದು, ಬರದೆಯೂ ಇರಬಹುದು, ದಿನಾ ನಾಲ್ಕು ಬಗೆಯ ಪದಾರ್ಥ ಮೂಸಿ ಅಭ್ಯಾಸ ಮಾಡಲಿ ಎಂದರು. ಕಾಕಾ ಲವಂಗ, ಇಂಗು, ನಿಂಬೆ ಸಿಪ್ಪೆ, ಊದಿನಕಡ್ಡಿ ಎಂದು ನಾಲ್ಕು ಡಬ್ಬಿ ಮಾಡಿಕೊಂಡು ಮುಂಜಾನೆ-ಸಂಜೆ ಮೂಸಿದರು. ಎಷ್ಟು ಮೂಸಿದರೆಂದರೆ ಕೊನೆಗೆ ಲವಂಗದಲ್ಲಿ ನಮಗೂ ವಾಸನೆ ಬರುತ್ತಿರಲಿಲ್ಲ.

ಆ ದಿನಗಳಲ್ಲೇ ಅವರ ಮೊಬೈಲಿಗೆ ಯಾರೋ ಒಂದು ವಿಡಿಯೋ ಕಳಿಸಿದರು. ಅದರಲ್ಲಿ ಕೋಟು ಹಾಕಿದವನೊಬ್ಬ ಗಾಜಿನ ಬಟ್ಟಲೊಳಗೆ ಮೂಗನ್ನು ಪೂರ್ತಿ ತೂರಿಸಿ, ಒಂದು ಗುಟುಕು ಬಾಯಿಗೆ ತೆಗೆದುಕೊಂಡು, ಗಲಗಲ ಮಾಡಿ, ಉಗುಳಿ, "ಇದರಲ್ಲಿ ಸೇಬಿದೆ, ಒದ್ದೆ ಕಲ್ಲಿದೆ, ಹಳೆಯ ಚರ್ಮವಿದೆ" ಎನ್ನುತ್ತಾನೆ. ಕಾಕಾ ಅದನ್ನು ಹನ್ನೊಂದು ಸಲ ನೋಡಿದರು.

"ನೋಡ ತಂಗಿ, ಉಗುಳತಾನ! ನಮ್ಮಂಗ ಉಗುಳತಾನ!" ಎಂದರು. ಅಣ್ಣನ ಮಗಳಾದ ನನ್ನನ್ನು ಅವರು ಕರೆಯುವುದು ತಂಗಿ ಎಂದೇ. "ಇದು ಮೂಗಿನ ಗರಡಿಮನಿ. ನಾ ಮನ್ಯಾಗ ಒಬ್ಬಾಂವ ಬೈಠಕ್ ಹೊಡಿಯಾಕ ಹತ್ತೇನಿ, ಪೈಲವಾನರೆಲ್ಲಾ ಅಲ್ಲಿ ಅದಾರ. ಎಲ್ಲಿ ಐತಿ ಇದು?"

ಹತ್ತಿರದ್ದೆಂದರೆ ನಾಸಿಕ ಎಂದು ಹೇಳಿದ್ದು ನಾನು. ಹೇಳಬಾರದಿತ್ತು. ಕಾಕುವಿಗೆ ಕಾಕಾ "ತ್ರ್ಯಂಬಕೇಶ್ವರಕ್ಕ ಹೋಗಿ ಬರೂನು" ಎಂದರು. ಅದು ಸುಳ್ಳಲ್ಲ. ತ್ರ್ಯಂಬಕೇಶ್ವರ ನಾಸಿಕದ ಪಕ್ಕದಲ್ಲೇ ಇದೆ. ದ್ರಾಕ್ಷಿ ತೋಟಗಳೂ ಪಕ್ಕದಲ್ಲೇ ಇವೆ ಎಂಬುದನ್ನು ಹೇಳಲು ಮರೆತರು, ಅಷ್ಟೇ.

ಫೆಬ್ರುವರಿಯಲ್ಲಿ ಹೊರಟೆವು. ಕಾರು ನಮ್ಮ ಓಣಿಯ ಮಹಬೂಬನದು, ಓಡಿಸುವವನೂ ಅವನೇ. ಡಿಕ್ಕಿಯಲ್ಲಿ ಅರವತ್ತು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಕಡಲೆಹಿಟ್ಟು. ಕಡಲೆಹಿಟ್ಟು ಏಕೆಂದರೆ, ಮಹಾರಾಷ್ಟ್ರದಲ್ಲಿ ಕಡಲೆಹಿಟ್ಟು ಸಿಗುವುದಿಲ್ಲ ಎಂಬುದು ಕಾಕುವಿನ ದೃಢ ನಂಬಿಕೆ. ಕೊಲ್ಹಾಪುರದ ಹತ್ತಿರ ರಸ್ತೆಯ ಬದಿ ಗಾಣಗಳಲ್ಲಿ ಬೆಲ್ಲ ಕುದಿಯುತ್ತಿತ್ತು. ಗಾಜು ಏರಿಸಿದ್ದರೂ ಆ ವಾಸನೆ ಕಾರಿನೊಳಗೆ ಬಂದು ತುಂಬಿತು. ಮಹಬೂಬ ಕನ್ನಡಿಯಲ್ಲಿ ನನ್ನನ್ನು ನೋಡಿದ, ನಾನು ಕಾಕುವನ್ನು ನೋಡಿದೆ. ಮುಂದಿನ ಸೀಟಿನಲ್ಲಿದ್ದ ಕಾಕಾ ಹೊರಳಿ ನಮ್ಮ ಮುಖಗಳನ್ನು ನೋಡಿ, "ಗಾಣ ಬಂತೇನು?" ಎಂದು ಕೇಳಿದರು.

ಮರುದಿನ ಮಧ್ಯಾಹ್ನ ತೋಟದ ಹೆಬ್ಬಾಗಿಲು ಬಂತು. ಬಾಗಿಲ ಪಕ್ಕ ಆಳೆತ್ತರದ ಬಾಟಲಿಯೊಂದನ್ನು ಸಿಮೆಂಟಿನಲ್ಲಿ ಮಾಡಿ ನಿಲ್ಲಿಸಿದ್ದರು. ಕಾಕು ಕೈ ಮುಗಿಯಲು ಹೋದವರು ಅರ್ಧಕ್ಕೆ ತಡೆದರು.

"ತ್ರ್ಯಂಬಕೇಶ್ವರ ಎಲ್ಲೈತ್ರಿ?"

"ಆ ಗುಡ್ಡದ ಆಚಿ."

"ಮತ್ತ ಈಚಿ ಏನೈತಿ?"

ಕಾಕಾ ಎಲ್ಲವನ್ನೂ ಒಪ್ಪಿಕೊಂಡರು. ಮೂಗಿನ ಗರಡಿ, ಉಗುಳುವ ಪದ್ಧತಿ, ಎಲ್ಲವನ್ನೂ. ಕಾಕು ಬಾಟಲಿಯ ನೆರಳಲ್ಲಿ ನಿಂತು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ, "ಕೊಳ್ಳಾಗ ಲಿಂಗ ಐತಿ, ನೆನಪಿರ್ಲಿ. ಬಾಯಾಗ ಹಾಕೂದು, ಉಗುಳೂದು. ಗಂಟಲದಾಗ ಹನಿ ಇಳೀತಂದ್ರ ನಾ ಮಹಬೂಬನ ಕಾರಿನಾಗ ಒಬ್ಬಾಕಿನ ಮನಿಗಿ ಹೋಗ್ತೇನಿ, ನೀವು ಗುಡ್ಡದ ಆಚಿ ಹೋಗ್ರಿ" ಎಂದರು. ಇಷ್ಟು ಬೇಗ ಒಪ್ಪಿದ್ದು ನೋಡಿ ನನಗೆ ಬೆರಗಾಯಿತು. ಆ ನಾಲಿಗೆ ಮರಳಿ ಬರಬೇಕೆಂಬ ಆಸೆ ಕಾಕಾನಿಗಿಂತ ಅವರಿಗೇ ಹೆಚ್ಚಿತ್ತೆಂಬುದು ಆಗ ಹೊಳೆಯಲಿಲ್ಲ.

ರುಚಿ ನೋಡಲು ನಾಲ್ಕು ಜನರ ಹೆಸರು ಬರೆಸಿದ್ದೆ. ಈಗ ಲೆಕ್ಕ ಹಾಕಿ: ಗಂಟಲಿಗೆ ಇಳಿಸಬಾರದ ಕಾಕಾ, ಇಳಿಯುತ್ತದೇನೋ ಎಂದು ಕಾವಲು ನಿಂತ ಕಾಕು, "ನಮ್ಮಾಗ ನಡಿಯಂಗಿಲ್ರಿ ಅಕ್ಕಾರ" ಎಂದು ಹೊರಗೆ ದ್ರಾಕ್ಷಿ ತಿನ್ನುತ್ತ ಕೂತ ಮಹಬೂಬ, ಯಾವ ವಿದ್ಯಾರ್ಥಿಯ ಕಣ್ಣಿಗೆ ಬೀಳುತ್ತೇನೋ ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡ ನಾನು. ಕುಡಿಯುವವರೇ ಇಲ್ಲದ ತಂಡವೊಂದು ಆ ತೋಟಕ್ಕೆ ಮುಂಚೆ ಬಂದಿತ್ತೋ ಇಲ್ಲವೋ, ಗೊತ್ತಿಲ್ಲ.

ಮೊದಲು ತೋಟ ತೋರಿಸಿದರು. ತೋರಿಸಿದವಳು ಒಬ್ಬ ಮರಾಠಿ ಹುಡುಗಿ, ಚುರುಕು. ಕಾಕಾನ ಮರಾಠಿ ಬೆಳಗಾವಿ ಪೇಟೆಯಲ್ಲಿ ಕಲಿತದ್ದು, ಕೆಲಸಕ್ಕೆ ಸಾಲುತ್ತಿತ್ತು. ಒಂದೇ ಬಳ್ಳಿಯಾದರೂ ಮಣ್ಣು ಬದಲಾದರೆ ರುಚಿ ಬದಲಾಗುತ್ತದೆ, ವಿದೇಶದಲ್ಲಿ ಇದಕ್ಕೊಂದು ದೊಡ್ಡ ಹೆಸರಿದೆ ಎಂದು ಅವಳು ವಿವರಿಸಿದಳು.

"ಹೆಸರೂ ಇಟ್ಟಾರ?" ಎಂದರು ಕಾಕಾ ನನ್ನ ಕಡೆ ತಿರುಗಿ. "ನಾವು ನಲವತ್ತು ವರ್ಷ ಹೆಸರಿಲ್ದನ ನಡಿಸೇವಿ."

ಆಮೇಲೆ ಒಂದು ದೊಡ್ಡ ಮರದ ತೊಟ್ಟಿ. ಅದರಲ್ಲಿ ಮೊಣಕಾಲಿನತನಕ ದ್ರಾಕ್ಷಿ. ಬಂದವರು ಚಪ್ಪಲಿ ಬಿಟ್ಟು ಅದರೊಳಗಿಳಿದು ತುಳಿಯಬೇಕು, ಅದೊಂದು ಮೋಜು. ಕಾಕಾ ಧೋತರ ಎತ್ತಿ ಕಟ್ಟಿದರು.

"ತಿನ್ನೂದನ್ನ ತುಳೀತಾರೇನ್ರಿ?" ಎಂದು ಕಾಕು ತಡೆದರು.

"ಕಣದಾಗ ಎತ್ತು ತುಳಿದ ಜ್ವಾಳಾನ ಅಲ್ಲೇನ ನಾವು ತಿಂದು ಬೆಳೆದಿದ್ದು?"

"ಅದು ಎತ್ತು."

"ನಲವತ್ತು ವರ್ಷ ನಿನ್ನ ಮನ್ಯಾಗ ದುಡದೇನಿ. ನಾನೂ ಎತ್ತ."

ಕಾಕಾ ಇಳಿದು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ, ಕಣದಲ್ಲಿ ಎತ್ತು ತಿರುಗುವ ಹಾಗೆಯೇ, ತಲೆ ತಗ್ಗಿಸಿ ಶಿಸ್ತಾಗಿ ತಿರುಗಿದರು. ಪುಣೆಯಿಂದ ಬಂದಿದ್ದ ಹುಡುಗ-ಹುಡುಗಿಯರು ಕುಣಿಯುವುದನ್ನು ಬಿಟ್ಟು ಇವರ ಹಿಂದೆ ಸಾಲಾಗಿ ನಡೆಯತೊಡಗಿದರು. ಇಪ್ಪತ್ತು ನಿಮಿಷದಲ್ಲಿ ತೊಟ್ಟಿಯಲ್ಲಿ ಒಂದು ಇಡೀ ಹಣ್ಣು ಉಳಿದಿರಲಿಲ್ಲ.

ಕೊನೆಗೆ ರುಚಿಯ ಕೋಣೆ. ಉದ್ದ ಮೇಜು, ಒಬ್ಬೊಬ್ಬರ ಮುಂದೆ ಐದು ಗಾಜಿನ ಬಟ್ಟಲು, ಪಕ್ಕದಲ್ಲಿ ಉಗುಳಲೆಂದೇ ಹೊಳೆಯುವ ಪಾತ್ರೆ. ಕಾಕಾ ಆ ಪಾತ್ರೆಯನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು. "ನಲವತ್ತು ವರ್ಷ ನಾ ಗಟಾರಕ್ಕ ಉಗುಳೇನಿ. ಇಲ್ಲಿ ನೋಡ, ಪಾತ್ರಿ ಕೊಟ್ಟಾರ. ಕಸುಬಿಗಿ ಮರ್ಯಾದಿ ಅಂದ್ರ ಇದು" ಎಂದರು. ಪಾತ್ರೆಯನ್ನು ಹಣೆಗೆ ಮುಟ್ಟಿಸಿ ಕೆಳಗಿಟ್ಟರು. ನಾನು ತಮಾಷೆ ಮಾಡುತ್ತಿಲ್ಲ.

ಮೊದಲ ಬಟ್ಟಲು. ಕಾಕಾ ವಿಡಿಯೋದಲ್ಲಿ ನೋಡಿದಂತೆ ಮೂಗು ತೂರಿಸಿದರು. ನಾನು ಕಿವಿ ನೋಡುತ್ತಿದ್ದೆ. ಕಾಕು ಗಂಟಲು ನೋಡುತ್ತಿದ್ದರು, ಕ್ರಿಕೆಟ್ಟಿನ ಅಂಪೈರ್ ಗೆರೆ ನೋಡುವ ಹಾಗೆ. ಬಾಯಿಗೆ ಹಾಕಿದರು. ಎಡಗೆನ್ನೆ, ಬಲಗೆನ್ನೆ, ಪಾತ್ರೆ. ಗಂಟಲು ಅಲುಗಲಿಲ್ಲ, ಕಾಕು ಉಸಿರು ಬಿಟ್ಟರು. ಕಿವಿಯೂ ಅಲುಗಲಿಲ್ಲ.

"ಏನನ್ನಿಸಿತು?" ಎಂದು ಹುಡುಗಿ ಎಲ್ಲರನ್ನೂ ಕೇಳಿದಳು. ಪುಣೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು "ಚೆನ್ನಾಗಿದೆ" ಎಂದರು. ಕಾಕಾ ಮಾತ್ರ ಬಟ್ಟಲನ್ನು ಬೆಳಕಿಗೆ ಹಿಡಿದು, ಅಲುಗಿಸಿ, ಒಳಗೋಡೆಯಿಂದ ರಸ ಇಳಿಯುವುದನ್ನು ನೋಡಿದರು. ಬೆಲ್ಲದ ಪಾಕದ ಹದ ನೋಡುವುದೂ ಹೀಗೆಯೇ. ಆಮೇಲೆ ಶುರು ಮಾಡಿದರು: ತೋಟಕ್ಕೆ ಬಾವಿ ನೀರೋ ಕಾಲುವೆ ನೀರೋ? ಬಳ್ಳಿಗೆ ಎಷ್ಟು ವರ್ಷ? ಹಣ್ಣು ಕೊಯ್ದದ್ದು ಬೆಳಗಿನ ಜಾವವೋ ಬಿಸಿಲೇರಿದ ಮೇಲೋ? ಅವಳು ಒಂದೊಂದಕ್ಕೂ ಉತ್ತರ ಕೊಟ್ಟಳು. ಪಾಪ, ಹುಡುಗಿ! ತಾನು ಬಾಯಿ ತೆರೆಯುವ ಮುಂಚೆ ಎದುರಿನವರ ಬಾಯಿ ತೆರೆಸುವುದು ನಮ್ಮ ಪೇಟೆಯ ಅತಿ ಹಳೆಯ ವಿದ್ಯೆ ಎಂದು ಅವಳಿಗೆ ಯಾರು ಹೇಳಬೇಕು?

ಎಲ್ಲ ತಿಳಿದುಕೊಂಡ ಮೇಲೆ ಕಾಕಾ ಕಣ್ಣು ಮುಚ್ಚಿ ತೀರ್ಪು ಹೇಳಿದರು. ಮೊದಲ ಮಳೆ ಬಿದ್ದ ಎರೆಮಣ್ಣಿನ ವಾಸನೆ. ಹಿಂದೆ ಹಸಿ ಶೇಂಗಾ. ಕೊನೆಗೆ ನಾಲಿಗೆಯ ಅಂಚಿನಲ್ಲಿ ಒಂಚೂರು ಹುಣಸೆ ಚಿಗುರು. ಎರಡನೆಯದರಲ್ಲಿ ಕಡಲೆ ಹೊಲದ ಮುಂಜಾವಿನ ಹುಳಿ ಇತ್ತು, ಮೂರನೆಯದರಲ್ಲಿ ಕೆಂಪು ಮಣ್ಣಿನ ಮಸಾರಿ ಹೊಲದ ಬಿಸಿಲಿತ್ತು. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಕೋಣೆಯಲ್ಲಿ ಯಾರೂ ಕೆಮ್ಮುತ್ತಿರಲಿಲ್ಲ. ಹುಡುಗಿ ಓಡಿಹೋಗಿ ಒಳಗಿನಿಂದ ಹಿರಿಯರೊಬ್ಬರನ್ನು ಕರೆತಂದಳು. ವೈನು ಮಾಡುವವರು ಅವರೇ. ಐದನೆಯ ಬಟ್ಟಲಿಗೆ ಕಾಕಾ, "ಇದನ್ನ ಮಾಡೂ ಮುಂದ ಅವಸರಾ ಮಾಡೀರಿ" ಎಂದರು. ಆ ಹಿರಿಯರು ತಲೆ ತಗ್ಗಿಸಿ, "ಮಗಳ ಮದುವೆ ಇತ್ತು" ಎಂದು ಒಪ್ಪಿಕೊಂಡರು.

ಪ್ರಮಾಣಪತ್ರವನ್ನು ಅವರೇ ಕೈಯಾರೆ ಬರೆದುಕೊಟ್ಟರು. ಪುಣೆಯವರು ಚಪ್ಪಾಳೆ ತಟ್ಟಿದರು. ಕಾಕಾ ಟೋಪಿ ಸರಿಮಾಡಿಕೊಂಡು ಎಲ್ಲರಿಗೂ ಕೈ ಮುಗಿದರು.

ಹೊರಗೆ ಬಂದ ಮೇಲೆ ದ್ರಾಕ್ಷಿ ಸಾಲಿನ ತುದಿಯಲ್ಲಿ ಒಂದು ಕಲ್ಲು ಬೆಂಚಿನ ಮೇಲೆ ಕೂತರು. ಕಾಕು ಕೈಕಾಲು ತೊಳೆಯಲು ಹೋಗಿದ್ದರು.

"ಕಾಕಾ, ಏನರ ಹತ್ತಿತೇನ್ರಿ?" ಎಂದು ಕೇಳಿದೆ.

ಕಾಗದವನ್ನು ಸುರುಳಿ ಸುತ್ತಿ ಬಿಚ್ಚಿ ಮಾಡುತ್ತಿದ್ದವರು ನಿಲ್ಲಿಸಿದರು. "ಇಲ್ಲ ತಂಗಿ. ಐದೂ ನೀರು ಮುಕ್ಕಳಿಸಿದಂಗ ಆತು. ನಾ ಹೇಳಿದ್ದೆಲ್ಲಾ ನೆನಪಿಲೆ ಹೇಳಿದ್ದು." ಕಾಗದವನ್ನು ಮತ್ತೆ ಸುರುಳಿ ಸುತ್ತಿ, "ಇದು ನೆಗಡಿ ಅಲ್ಲ" ಎಂದರು.

ಹದಿನಾಲ್ಕು ತಿಂಗಳಲ್ಲಿ ಅವರು ಈ ಮಾತು ಹೇಳಿದ್ದು ಅದೇ ಮೊದಲು. ನನಗೆ ಅಳು ಬಂತು. ಅತ್ತರೆ ಕಾಕಾಗೆ ಕಷ್ಟವಾಗುತ್ತದೆಂದು ದ್ರಾಕ್ಷಿ ಎಲೆಗಳನ್ನು ಎಣಿಸುತ್ತ ಕೂತೆ.

ರಾತ್ರಿ ತಂಗಲು ಗೊತ್ತುಮಾಡಿದ್ದ ಮನೆಗೆ ಹೋಗುವಾಗ ಕಾಕಾ ಮುಂದಿನ ಸೀಟಿನಲ್ಲಿ ಗೊರಕೆ ಹೊಡೆಯತೊಡಗಿದರು. ಕಾಕು ನನ್ನ ಕಿವಿಯಲ್ಲಿ ಕೇಳಿದರು: "ಬರಲಿಲ್ಲ ಹೌದಲ್ಲ?"

"ಇಲ್ಲ ಕಾಕು."

"ಗೊತ್ತಾತು. ಕಿವಿ ನಾನೂ ನೋಡೀನಿ." ಅವರು ಕಿಟಕಿಯಾಚೆ ನೋಡುತ್ತ ಹೇಳಿದರು: "ನಾಲಗಿ ಹೋದ್ರ ಹೋಗ್ಲಿ ಬಿಡವಾ. ಮನಷ್ಯಾ ಉಳದಾರಲ್ಲ, ಸಾಕು. ಆದ್ರ ದಿನಾ ಊಟಕ್ಕ ಕುಂತಾಗ 'ಛಲೋ ಆಗೇತಿ' ಅಂತಾರ ನೋಡು, ಅದನ್ನ ಕೇಳಾಕ ಆಗೂದಿಲ್ಲ. ಯಾರರ ಮನಿಗಿ ಬಂದ ಬೀಗರು ಉಂಡಂಗ ಆಗತೈತಿ. ನನ್ನ ಅಡಗಿ ಬೈಯವ್ರು ಯಾರೂ ಉಳೀಲಿಲ್ಲ."

ಮುಂದಿನ ಸೀಟಿನಲ್ಲಿ ಗೊರಕೆ ಒಮ್ಮೆ ನಿಂತಿತು. ಆಮೇಲೆ ಮತ್ತೆ ಶುರುವಾಯಿತು, ಮೊದಲಿಗಿಂತ ಸ್ವಲ್ಪ ಜೋರಾಗಿ.

ಮರುದಿನ ಬೆಳಿಗ್ಗೆ ತೋಟಗಳ ನಡುವೆ ಸೈಕಲ್ ಸವಾರಿ ಇತ್ತು. ನಿನ್ನೆಯ ಪ್ರಮಾಣಪತ್ರದ ಗೌರವಕ್ಕಾಗಿ ಪುಕ್ಕಟೆ. ಕಾಕಾ ಟೋಪಿ ತೆಗೆಯಲು ಒಪ್ಪದೆ ಅದರ ಮೇಲೆಯೇ ಹೆಲ್ಮೆಟ್ ಹಾಕಿಕೊಂಡರು. ಸೈಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಬಂದು, "ಕ್ಯಾರಿಯರ್ ಎಲ್ಲೈತಿ?" ಎಂದರು. ಇಲ್ಲ, ಇಂಥ ಸೈಕಲ್ಲಿಗೆ ಇರುವುದಿಲ್ಲ ಎಂದು ಹುಡುಗಿ ಹೇಳಿದಳು.

"ಹಂಗಾರ ಹೆಂಡ್ತಿ ಎಲ್ಲಿ ಕುಂಡರಬೇಕು?"

ಹುಡುಗಿ ಸೈಕಲ್ಲಿನ ಹಿಂಭಾಗವನ್ನು ತಾನೂ ಒಮ್ಮೆ ಬಗ್ಗಿ ನೋಡಿದಳು. ಕೊನೆಗೆ ಕಾಕು ನಡೆದರು, ಕಾಕಾ ಅವರ ಪಕ್ಕದಲ್ಲಿ ನಡಿಗೆಯ ವೇಗದಲ್ಲೇ ಸೈಕಲ್ ತುಳಿದರು. ಅಷ್ಟು ನಿಧಾನ ತುಳಿದೂ ಬೀಳದಿರುವುದು ಸಣ್ಣ ವಿದ್ಯೆಯಲ್ಲ. ಅರ್ಧ ಗಂಟೆಯ ಸವಾರಿ ಎರಡು ಗಂಟೆ ಹಿಡಿಯಿತು. ದಾರಿಯುದ್ದಕ್ಕೂ ಇಬ್ಬರೂ ಏನೋ ಮಾತಾಡುತ್ತಿದ್ದರು. ಹಿಂದೆ ಬರುತ್ತಿದ್ದ ನಮಗೆ ಕೇಳಿಸಲಿಲ್ಲ.

ಊಟಕ್ಕೆ ದ್ರಾಕ್ಷಿ ಚಪ್ಪರದ ಕೆಳಗೆ ಚಾಪೆ ಹಾಸಿದೆವು. ತಂಗಿದ್ದ ಮನೆಯವರ ಅಡುಗೆಮನೆಯಲ್ಲಿ ಕಾಕು ಬೆಳಿಗ್ಗೆಯೇ ಜುಣಕ ಮಾಡಿಕೊಂಡು ಬಂದಿದ್ದರು, ಬೈಲಹೊಂಗಲದಿಂದ ಬಂದ ಕಡಲೆಹಿಟ್ಟಿನಲ್ಲಿ. ನಮ್ಮ ಮನೆಯಲ್ಲಿ ಇಂದಿಗೂ ಹರಳುಪ್ಪು; ಕಾಕು ಎಣಿಸಿ ಹಾಕುತ್ತಾರೆ. ಅಲ್ಲಿ ಎಲ್ಲವೂ ಪುಡಿ, ಎಲ್ಲವೂ ಒಂದೇ ನಮೂನೆಯ ಡಬ್ಬಿ. ಇದನ್ನು ನಾನು ಮೊದಲೇ ಗಮನಿಸಬೇಕಿತ್ತು.

ಕಾಕಾ ಕೂತರು. ನಾನು, ಮಹಬೂಬ ಕೂತೆವು. ಕಾಕು ಸೌಟು ಹಿಡಿದು ನಿಂತರು. ಬಾಗಿಲಿರಲಿಲ್ಲ, ಚಪ್ಪರದ ಕಂಬಕ್ಕೆ ಆತುಕೊಂಡರು. ಕಾಕಾ ರೊಟ್ಟಿ ಮುರಿದು, ಜುಣಕ ಹಚ್ಚಿ, ಬಾಯಿಗಿಟ್ಟು, ಕಣ್ಣು ಮುಚ್ಚಿದರು. ಎಡಗೆನ್ನೆ. ಬಲಗೆನ್ನೆ. ಕಿವಿ ಅಲುಗಲಿಲ್ಲ. 'ಛಲೋ ಆಗೇತಿ' ಎಂಬ ಮಾತಿಗೆ ನಾವೆಲ್ಲ ತಲೆ ತಗ್ಗಿಸಿ ಕಾದೆವು.

"ಏನ ಇದು?" ಎಂದರು ಕಾಕಾ. "ಉಪ್ಪು ಒಂದು ಹರಳು ಹೆಚ್ಚಾಗೇತಿ. ನಲವತ್ತು ವರ್ಷ ಆತು, ಇನ್ನೂ ಕೈಗೆ ಅಳತಿ ಹತ್ತವಲ್ದು!"

ಕಾಕು ಕಂಬ ಬಿಟ್ಟು ನೆಟ್ಟಗೆ ನಿಂತರು. ಅವರ ಮುಖದಲ್ಲಿ ಏನಾಯಿತೆಂದು ಹೇಳಲು ನನಗೆ ಬರುವುದಿಲ್ಲ. "ಹರಳು ದೊಡ್ಡದೋ ಸಣ್ಣದೋ?" ಎಂದು ಕೇಳಿದಾಗ ದನಿ ಹದಿನೆಂಟರ ಹುಡುಗಿಯದಾಗಿತ್ತು.

"ದೊಡ್ಡದು!" ಎಂದರು ಕಾಕಾ.

ಬಂತು! ನಾಲಿಗೆ ಬಂತು! ಕಿವಿ ಹಳೆಯದಾಗಿರಬೇಕು, ಅಲುಗುವುದನ್ನು ಮರೆತಿರಬೇಕು ಎಂದುಕೊಂಡು ನಾನೂ ಒಂದು ತುತ್ತು ಬಾಯಿಗಿಟ್ಟೆ.

ಜುಣಕ ಸಿಹಿಯಾಗಿತ್ತು. ಉಪ್ಪಿನ ಒಂದು ಕಣವೂ ಇರಲಿಲ್ಲ. ಪುಡಿ ಸಕ್ಕರೆ, ಧಾರಾಳವಾಗಿ.

ನಾನು ಬಾಯಿ ತೆರೆದೆ. ಮಹಬೂಬನೂ ಅಷ್ಟರಲ್ಲಿ ತಿಂದಿದ್ದ, ಕಣ್ಣು ಅಗಲವಾಗಿದ್ದವು. "ಅಕ್ಕಾರ, ನೀರು ತಗೋರಿ" ಎಂದು ಅವನು ತಂಬಿಗೆಯನ್ನು ನನ್ನ ಬಾಯಿಯ ಹತ್ತಿರಕ್ಕೇ ತಂದ. ನಾನು ನೀರು ಕುಡಿದೆ. ಇಬ್ಬರೂ ಮಾತಾಡದೆ ತಿಂದೆವು. ಅಷ್ಟು ಕೆಟ್ಟ ಜುಣಕವನ್ನು ಅಷ್ಟು ನಿಷ್ಠೆಯಿಂದ ನಾನು ಯಾವತ್ತೂ ತಿಂದಿಲ್ಲ.

ನಮ್ಮದಾದ ಮೇಲೆ ಕಾಕು ಕೂತರು. ಮೊದಲ ತುತ್ತು ಬಾಯಿಗೆ ಹೋಯಿತು. ದವಡೆ ನಿಂತಿತು. ಅವರು ನಿಧಾನವಾಗಿ ಕಾಕಾನ ಕಡೆ ನೋಡಿದರು. ಕಾಕಾ ಬಳ್ಳಿಗಳ ಕಡೆ ಮುಖ ಮಾಡಿ, ಬಹಳ ಕೆಲಸವಿರುವವರ ಹಾಗೆ ಹಲ್ಲಿಗೆ ಕಡ್ಡಿ ಹಾಕುತ್ತಿದ್ದರು. ಕಾಕು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಇನ್ನೊಂದು ತುತ್ತು ತೆಗೆದುಕೊಂಡು, ಅದನ್ನೂ ನುಂಗಿ, ಹೇಳಿದರು:

"ಹೌದ್ರಿ. ಕೈ ತಪ್ಪಿ ಉಪ್ಪು ಹೆಚ್ಚಾಗೇತಿ. ನಾಳೆ ಕಡಿಮಿ ಹಾಕ್ತೇನಿ."

ಅಂದು ಸಂಜೆ ತ್ರ್ಯಂಬಕೇಶ್ವರಕ್ಕೆ ಹೋದೆವು. ಇಬ್ಬರೂ ದೇವರಲ್ಲಿ ಏನು ಬೇಡಿಕೊಂಡರೋ ನನಗೆ ಹೇಳಲಿಲ್ಲ.

ಊರಿಗೆ ಬಂದ ವಾರವೇ ಕಾಕಾ ಪೇಟೆಯಲ್ಲಿ ನೆಗಡಿಯನ್ನು ಬಿಟ್ಟುಬಿಟ್ಟರು. "ನಾಲಗಿ ಹೋಗೇತ್ರಿ. ಕಣ್ಣು, ಬೆರಳು, ನೆನಪು ಅದಾವ. ಬೇಕಾದ್ರ ತೋರಸ್ರಿ" ಎಂದು ನೇರವಾಗಿ ಹೇಳಿದರು. ಕೆಲವರು ತೋರಿಸುತ್ತಾರೆ, ಕೆಲವರು ಎರಡು ಅಂಗಡಿ ಆಚೆ ಹೋಗುತ್ತಾರೆ. ಕಾಕಾ ಪೆಂಟಿಯನ್ನು ಬಡಿದು ಸಪ್ಪಳ ಕೇಳಿ, ಮುರಿದು ಬೆಳಕಿಗೆ ಹಿಡಿದು, ಬಾವಿ ನೀರೋ ಹೊಳೆ ನೀರೋ ಎಂದು ವಿಚಾರಿಸಿ ತೀರ್ಪು ಹೇಳುತ್ತಾರೆ. ಆಗಾಗ ತಪ್ಪುತ್ತದೆ. ಮುಂಚೆಯೂ ತಪ್ಪುತ್ತಿತ್ತೆಂದು ಹಳೆಯ ಖರೀದಿದಾರರೊಬ್ಬರು ಈಗ ಹೇಳುತ್ತಿದ್ದಾರೆ.

ಮನೆಯಲ್ಲಿ ಪದ್ಧತಿ ಮತ್ತೆ ಶುರುವಾಗಿದೆ. ನಾನು ಕಾಲೇಜಿಗೆ ಮತ್ತೆ ತಡ. ಎಲ್ಲರೂ ಕೂತ ಮೇಲೆ ಕಾಕಾ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚುತ್ತಾರೆ. ಕಾಕು ಬಾಗಿಲಲ್ಲಿ ನಿಂತಿರುತ್ತಾರೆ. "ಖಾರ ಸ್ವಲ್ಪ ಕಡಿಮಿ ಆತು" ಎನ್ನುತ್ತಾರೆ ಕಾಕಾ, ನಮ್ಮ ಮೂಗಿನಲ್ಲಿ ನೀರಿಳಿಯುತ್ತಿರುವಾಗ. "ಹೌದೇನ್ರಿ? ತಡೀರಿ" ಎಂದು ಕಾಕು ಒಳಗೆ ಹೋಗುತ್ತಾರೆ. ಹೋಗಿ ಖಾರದ ಡಬ್ಬಿಯ ಮುಚ್ಚಳವನ್ನು ತೆಗೆಯುತ್ತಾರೆ, ಏನನ್ನೂ ತೆಗೆದುಕೊಳ್ಳದೆ ಮತ್ತೆ ಹಾಕುತ್ತಾರೆ. ಜೋರಾಗಿಯೇ ಹಾಕುತ್ತಾರೆ, ಪಡಸಾಲೆಯಲ್ಲಿ ಕೂತ ಕಾಕಾಗೆ ಸಪ್ಪಳ ಕೇಳಬೇಕಲ್ಲ.